ಅಯ್ಯನವರ ಮನೆಗೆ ಯಾರು ಹೋಗಬೇಕು?

ಕುಮಟಾದಿಂದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಚರ್ಚಿನ ಸಭೆಯಲ್ಲಿ ಹಿಂದೆ ಸೇವೆ ಮಾಡಿದ ಅಯ್ಯನವರು (ಸಭಾಪಾಲಕರು) ನಿವೃತ್ತರಾಗಿ ಇದೇ ಊರಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಕಿವಿ ಮಂದವಾಗಿದೆ, ಆರಾಧನೆಗೆ ಬರುವುದು ಕಡಿಮೆ. ಸ್ವಲ್ಪ ದೂರದಲ್ಲಿ ಇನ್ನೊಬ್ಬ ಅಯ್ಯನವರ ವಿಧವೆ ಒಬ್ಬರೇ ಇದ್ದಾರೆ. ಇಬ್ಬರ ಮನೆಗೂ ಯಾರೂ ಹೋಗುವುದಿಲ್ಲ. ಹೋಗೋಣ ಎಂದರೆ 'ಈಗಿನ ಅಯ್ಯನವರಿಗೆ ಬೇಸರವಾದೀತು' ಎನ್ನುತ್ತಾರೆ. ನಾವು ಸಾಮಾನ್ಯ ಸಭಿಕರು ಹೋಗಬಹುದೇ? ಹೋಗಿ ಏನು ಮಾಡಬೇಕು? ದುಡ್ಡು ಕೊಡಬೇಕೇ?"

ಹೋಗಿ. ಈ ವಾರವೇ ಹೋಗಿ. ಮುಂದಿನದನ್ನು ಬಂದ ಮೇಲೆ ಓದಿದರೂ ನಡೆಯುತ್ತದೆ.

ಬೇಸರದ ಮಾತನ್ನು ಮೊದಲು ಮುಗಿಸೋಣ. ನಿವೃತ್ತರಾದ ಸಭಾಪಾಲಕರು ಹಳೆಯ ಸಭೆಯಲ್ಲಿ ತಾವಾಗಿ ದೀಕ್ಷಾಸ್ನಾನ, ಮದುವೆ, ಸಮಾಧಿ ಸಂಸ್ಕಾರ ನಡೆಸಬಾರದು, ಈಗಿನವರು ಕರೆದರೆ ಮಾತ್ರ ಬರಬೇಕು ಎಂಬ ಪದ್ಧತಿ ಇದೆ. ಒಳ್ಳೆಯ ಪದ್ಧತಿ ಅದು. ಇಲ್ಲದಿದ್ದರೆ ಸಭೆ ಇಬ್ಭಾಗವಾಗುತ್ತದೆ. ಆದರೆ ಅದು ಸೇವೆಯ ಅಧಿಕಾರದ ಮಾತು. ಮುದುಕರೊಬ್ಬರ ಮನೆಗೆ ಹೋಗಿ ಅರ್ಧ ಗಂಟೆ ಕೂತು ಬರುವುದಕ್ಕೆ ಅದು ಅಡ್ಡಿ ಬರುವುದಿಲ್ಲ. ಕದ್ದು ಹೋಗಬೇಡಿ, ಅಷ್ಟೇ. ಈಗಿನ ಅಯ್ಯನವರಿಗೆ ಹೇಳಿ ಹೋಗಿ, "ನೀವೂ ಬನ್ನಿ" ಎಂದು ಕರೆಯಿರಿ. ಅವರು ಬಂದರೆ ಆ ಮನೆಯಲ್ಲಿ ಅದೊಂದು ಹಬ್ಬ.

ಈಗಿನ ಅಯ್ಯನವರ ಕಷ್ಟವನ್ನೂ ನೋಡಬೇಕು, ಅಲ್ವಾ? ನಮ್ಮ ಜಿಲ್ಲೆಯ ಕ್ರೈಸ್ತರಲ್ಲಿ ಕಥೋಲಿಕರೇ ಜಾಸ್ತಿ. 1976ರಿಂದ ಕಾರವಾರವೇ ಅವರ ಧರ್ಮಪ್ರಾಂತ್ಯದ ಕೇಂದ್ರ. ಪ್ರೊಟೆಸ್ಟೆಂಟ್ ಸಭೆಗಳು ಚಿಕ್ಕವು, ಒಂದು ಇಲ್ಲಿ, ಒಂದು ಅಲ್ಲಿ. ಘಟ್ಟದ ಮೇಲೆ ಒಂದು ಆರಾಧನೆ, ಕೆಳಗೆ ಇನ್ನೊಂದು ಎಂದು ಓಡಾಡುವ ಅಯ್ಯನವರಿಗೆ ಭೇಟಿಗಳ ಪಟ್ಟಿ ಮುಗಿಯುವುದೇ ಇಲ್ಲ. ಆ ಪಟ್ಟಿಯಲ್ಲಿ ರೋಗಿಗಳಿರುತ್ತಾರೆ, ಬಾಣಂತಿಯರಿರುತ್ತಾರೆ, ಜಗಳವಾಡಿದ ಮನೆಗಳಿರುತ್ತವೆ. ನಿವೃತ್ತ ಸಭಾಪಾಲಕರ ಹೆಸರು ಮಾತ್ರ ಇರುವುದಿಲ್ಲ. "ಅವರಿಗೆ ನಾವೇನು ಹೇಳುವುದು? ಎಲ್ಲಾ ಅವರಿಗೇ ಗೊತ್ತು" ಎಂಬ ಸಂಕೋಚ. ಆ ಸಂಕೋಚದಿಂದಲೇ ಅವರಿಗೆ ಪಾಲಕರಿಲ್ಲದಂತಾಗಿದೆ. ನಲವತ್ತು ವರ್ಷ ಬೇರೆಯವರ ಹಾಸಿಗೆ ಪಕ್ಕ ಕೂತು ಪ್ರಾರ್ಥನೆ ಮಾಡಿದವರಿಗೆ ತಮಗಾಗಿ ಯಾರಾದರೂ ಪ್ರಾರ್ಥಿಸಲಿ ಎಂಬ ಆಸೆ ಇರುವುದಿಲ್ಲವೇ?

ಬೈಬಲಿನ ಪೌಲನನ್ನೇ ನೋಡಿ. ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ಅವನು ದೊಡ್ಡ ಉಪದೇಶ ಮಾಡುವುದಿಲ್ಲ. ಬೇಗ ಬಾ ಎನ್ನುತ್ತಾನೆ. ಲೂಕನೊಬ್ಬನೇ ನನ್ನ ಜೊತೆ ಇದ್ದಾನೆ ಎನ್ನುತ್ತಾನೆ. ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟು ಬಂದ ಮೇಲಂಗಿ ತಾ, ಪುಸ್ತಕಗಳನ್ನು ತಾ ಎನ್ನುತ್ತಾನೆ. ಚಳಿಗಾಲಕ್ಕೆ ಮುಂಚೆ ಬರಲು ಪ್ರಯತ್ನಿಸು ಎಂದೂ ಸೇರಿಸುತ್ತಾನೆ. ಅಷ್ಟು ಸಭೆಗಳನ್ನು ಕಟ್ಟಿದವನಿಗೂ ಕೊನೆಗೆ ಬೇಕಾದದ್ದು ಒಬ್ಬ ಮನುಷ್ಯ, ಒಂದು ಬೆಚ್ಚನೆಯ ಬಟ್ಟೆ, ಓದಲು ಏನಾದರೂ. ನಮ್ಮ ಕರಾವಳಿಯಲ್ಲಿ ಚಳಿಗಾಲದ ಚಿಂತೆ ಇಲ್ಲ, ಮಳೆಗಾಲದ್ದು ಇದೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಕರೆಂಟ್ ಯಾವಾಗ ಹೋಗುತ್ತದೋ, ಘಟ್ಟದ ರಸ್ತೆ ಯಾವಾಗ ಮುಚ್ಚುತ್ತದೋ ಹೇಳಲಾಗದು. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದಾದದ್ದನ್ನು ನಾವ್ಯಾರೂ ಮರೆತಿಲ್ಲ. ಆದ್ದರಿಂದ ಮೇ ತಿಂಗಳಲ್ಲೇ ಒಮ್ಮೆ ಹೋಗಿ ಬನ್ನಿ. ಮಾತ್ರೆ ಎಷ್ಟು ದಿನಕ್ಕಿದೆ, ಮಾಡು ಸೋರುತ್ತದೆಯೇ, ಟಾರ್ಚ್ ಹತ್ತುತ್ತದೆಯೇ ನೋಡಿ. ಇದೂ ಪಾಲನೆಯ ಕೆಲಸವೇ.

ಇನ್ನು ಆ ವಿಧವೆ ಅಮ್ಮನವರ ವಿಷಯ. ನಿಮ್ಮ ಪತ್ರದಲ್ಲಿ ಅವರ ಬಗ್ಗೆ ಎರಡೇ ಸಾಲು ಇದೆ. ಹೇಳಬೇಕಾದ್ದು ಅಲ್ಲೇ ಜಾಸ್ತಿ.

ಸಭಾಪಾಲಕರ ಕುಟುಂಬ ಸಭೆಯ ಮನೆಯಲ್ಲಿ ಬದುಕುತ್ತದೆ. ಕೆಲವು ವರ್ಷಕ್ಕೊಮ್ಮೆ ವರ್ಗ. ಮಕ್ಕಳ ಶಾಲೆ ಬದಲು, ಹಿತ್ತಲಲ್ಲಿ ನೆಟ್ಟ ಮಲ್ಲಿಗೆ ಬೇರೆಯವರ ಪಾಲು. ಸ್ವಂತ ಮನೆ ಕಟ್ಟಲು ಸಂಬಳ ಸಾಲದು. ಅಯ್ಯನವರು ಸೇವೆಯಲ್ಲಿದ್ದಾಗಲೇ ತೀರಿಹೋದರೆ ಅಮ್ಮನವರು ಗಂಡನ ಜೊತೆ ಮನೆಯನ್ನೂ ಕಳೆದುಕೊಳ್ಳುತ್ತಾರೆ. ಹೊಸ ಅಯ್ಯನವರು ಬರಬೇಕು, ಮನೆ ಖಾಲಿಯಾಗಬೇಕು. ಅದರ ಜೊತೆಗೆ ಕೆಲಸವೂ ಹೋಗುತ್ತದೆ. ಕೆಲಸ ಎಂದು ನಾವು ಯಾವತ್ತೂ ಕರೆಯದ ಕೆಲಸ ಅದು. ಭಾನುವಾರದ ಶಾಲೆ ನಡೆಸಿದವರು ಅವರು. ಸ್ತ್ರೀಯರ ಕೂಟ ನಡೆಸಿದವರೂ ಅವರೇ. ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದವರಿಗೆ ಅನ್ನ ಬಡಿಸಿದವರು, ಹೆರಿಗೆ ಮನೆಗೆ, ಸಾವಿನ ಮನೆಗೆ ಮೊದಲು ಓಡಿದವರು ಅವರು. ಅದಕ್ಕೆ ಸಂಬಳವಿರಲಿಲ್ಲ, ಆದ್ದರಿಂದ ನಿವೃತ್ತಿಯ ಸಮಾರಂಭವೂ ಇಲ್ಲ. ಒಂದು ದಿನ ಸುಮ್ನೆ ನಿಂತುಹೋಗುತ್ತದೆ. ಆಮೇಲೆ ಅವರು "ದಿವಂಗತ ಅಯ್ಯನವರ ಹೆಂಡತಿ" ಆಗಿ ಉಳಿಯುತ್ತಾರೆ.

ಆದ್ದರಿಂದ ಅವರ ಮನೆಗೆ ಹೋದಾಗ ಅಯ್ಯನವರ ಬಗ್ಗೆಯೇ ಪೂರ್ತಿ ಮಾತಾಡಿ ಎದ್ದು ಬರಬೇಡಿ. ಅವರ ಬಗ್ಗೆ ಕೇಳಿ. ಯಾವ ಊರು ಇಷ್ಟವಾಗಿತ್ತು, ಯಾರಿಗೆ ಓದು ಕಲಿಸಿದಿರಿ, ಈಗ ನಿದ್ದೆ ಬರುತ್ತದೆಯೇ. ಅಯ್ಯನವರ ಹೆಸರು ಎತ್ತಿದರೆ ಅತ್ತಾರು ಎಂದು ಹೆದರುವುದೂ ಬೇಡ. ಅತ್ತರೆ ಅಳಲಿ, ನೀವು ಕೂತಿರಿ. ಮೊದಲ ವರ್ಷ ಜನ ಬರುತ್ತಾರೆ. ಎರಡನೇ ವರ್ಷ ಯಾರೂ ಇರುವುದಿಲ್ಲ. ಅಯ್ಯನವರು ತೀರಿಕೊಂಡ ದಿನ, ಮದುವೆಯ ದಿನ, ಕ್ರಿಸ್ಮಸ್‌ನ ಹಿಂದಿನ ಸಂಜೆ, ಇವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಸಾಮಾನ್ಯ ಸಭಿಕರು ಹೋಗಬಹುದೇ ಎಂದು ಕೇಳಿದ್ದೀರಿ. ಕರ್ತನ ಭೋಜನವನ್ನು (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಮನೆಗೆ ಒಯ್ದು ಕೊಡುವುದು ಅಯ್ಯನವರ ಕೆಲಸ, ಅದನ್ನು ಅವರೇ ಮಾಡಬೇಕು. ಉಳಿದದ್ದೆಲ್ಲಾ ನೀವು ಮಾಡಬಹುದು. ಫೋನ್ ಮಾಡಿ ಹೋಗಿ. ಇಬ್ಬರು ಹೋಗಿ, ಅಮ್ಮನವರು ಒಬ್ಬರೇ ಇರುವ ಮನೆಗಾದರೆ ಒಬ್ಬ ಹೆಂಗಸು ಜೊತೆಗಿರಲಿ. ಕಿವಿ ಮಂದ ಇರುವವರ ಎದುರಿಗೆ, ಮುಖ ಕಾಣುವಂತೆ ಕೂತು ನಿಧಾನ ಮಾತಾಡಿ. ಕಿರುಚಬೇಡಿ. ಅವರು ಚಹಾ ಮಾಡುತ್ತೇನೆ ಎಂದರೆ ಬೇಡ ಎನ್ನಬೇಡಿ. ಬೇರೆಯವರಿಗೆ ಕೊಟ್ಟೇ ಬದುಕಿದ ಕೈ ಅದು. ಒಂದು ಕೀರ್ತನೆ ಓದಿ. ಎಪ್ಪತ್ತೊಂದನೆಯ ಕೀರ್ತನೆಯಲ್ಲಿ ಮುದುಕನೊಬ್ಬ ವೃದ್ಧಾಪ್ಯದಲ್ಲಿ ನನ್ನನ್ನು ಕೈಬಿಡಬೇಡ ಎಂದು ದೇವರನ್ನೇ ಕೇಳುತ್ತಾನೆ. ಹಳೆಯ ಹಾಡು ಹಾಡಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಜರ್ಮನ್ ರಾಗಗಳಿಗೆ ಹೊಂದಿಸಿದ ಕನ್ನಡ ಗೀತೆಗಳು ಅವರಿಗೆ ಬಾಯಿಪಾಠ. ಮರೆವಿನ ಕಾಯಿಲೆ ಬಂದವರೂ ಎಷ್ಟೋ ಸಲ ಹಾಡಿನ ಸಾಲು ಮರೆತಿರುವುದಿಲ್ಲ. ಕೊನೆಗೆ, ನಿಮಗಾಗಿ ಪ್ರಾರ್ಥನೆ ಮಾಡಲು ಅವರನ್ನೇ ಕೇಳಿ. ಅಲ್ಲಿ ಕೇಳಿದ್ದನ್ನು ಭಾನುವಾರ ಚರ್ಚಿನ ಅಂಗಳದಲ್ಲಿ ಹೇಳಬೇಡಿ.

ಒಂದು ಕೆಲಸ ಮಾತ್ರ ನಿಮ್ಮಿಂದ ಆಗುವುದಿಲ್ಲ. ತಾನೇ ದೀಕ್ಷಾಸ್ನಾನ ಕೊಟ್ಟ ಹುಡುಗನ ಮುಂದೆ ಅಯ್ಯನವರು ತಮ್ಮ ಸಂಶಯ, ಸಿಟ್ಟು, ಸಾವಿನ ಭಯ ಹೇಳಿಕೊಳ್ಳಲಾರರು. ಅದಕ್ಕೆ ಇನ್ನೊಬ್ಬ ಸಭಾಪಾಲಕರೇ ಬೇಕು. ಪಕ್ಕದ ಸಭೆಯ ಅಯ್ಯನವರನ್ನು, ಅಥವಾ ಅವರ ಜೊತೆ ಓದಿದ ಹಳೆಯ ಸ್ನೇಹಿತರನ್ನು ಕರೆತನ್ನಿ. ಬರಲಾಗದಿದ್ದರೆ ವಿಡಿಯೋ ಕರೆಯಲ್ಲಾದರೂ ಮಾತಾಡಿಸಿ. ಇದನ್ನು ಸಭಾ ಸಮಿತಿಯಲ್ಲಿ ಎತ್ತಿ, ಯಾರು ಯಾವ ತಿಂಗಳು ಹೋಗುತ್ತಾರೆ ಎಂದು ಬರೆದಿಡಿ. ಆದಿಸಭೆಯಲ್ಲೂ ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಾರೆಂಬ ದೂರು ಬಂದಾಗ ಏಳು ಜನರನ್ನು ಹೆಸರು ಹಿಡಿದು ನೇಮಿಸಿದರು. ಎಲ್ಲರ ಕೆಲಸ ಎಂದು ಬಿಟ್ಟದ್ದು ಯಾರ ಕೆಲಸವೂ ಆಗುವುದಿಲ್ಲ.

ದುಡ್ಡಿನ ಪ್ರಶ್ನೆ. ಸ್ಕಾಟ್ಲೆಂಡಿನಲ್ಲಿ ರಾಬರ್ಟ್ ವಾಲೆಸ್, ಅಲೆಕ್ಸಾಂಡರ್ ವೆಬ್‌ಸ್ಟರ್ ಎಂಬ ಇಬ್ಬರು ಸಭಾಪಾಲಕರು 1744ರಷ್ಟು ಹಿಂದೆಯೇ ಸತ್ತ ಸಭಾಪಾಲಕರ ಹೆಂಡತಿ ಮಕ್ಕಳಿಗೆಂದು ಲೆಕ್ಕ ಹಾಕಿ ನಿಧಿ ಕಟ್ಟಿದರು. ಗಣಿತಜ್ಞ ಕಾಲಿನ್ ಮೆಕ್‌ಲಾರಿನ್ ಆ ಲೆಕ್ಕಕ್ಕೆ ನೆರವಾದರು. ಹಾಗೆ ಎಲ್ಲರೂ ಕೂಡಿ ವ್ಯವಸ್ಥೆ ಮಾಡುವುದು ಮರ್ಯಾದೆ. ಕೈಗೆ ಲಕೋಟೆ ತುರುಕಿದರೆ ಅವರಿಗೆ ನಾಚಿಕೆಯಾಗುತ್ತದೆ. ನಿಜವಾಗಿ ಕಷ್ಟವಿದೆ ಎಂದು ಕಂಡರೆ ಸಮಿತಿಯಿಂದ ಗುಟ್ಟಾಗಿ ಬಾಡಿಗೆ ಅಥವಾ ಔಷಧಿಯ ಖರ್ಚು ಕಟ್ಟಿ. 65 ದಾಟಿದವರು ಸಂಧ್ಯಾ ಸುರಕ್ಷಾ ವೇತನಕ್ಕೆ ಅರ್ಹರೇ ಎಂದು ನಾಡಕಚೇರಿಯಲ್ಲಿ ವಿಚಾರಿಸಿ, ಅರ್ಜಿ ನೀವೇ ತುಂಬಿಕೊಡಿ. ದೊಡ್ಡ ಕಾಯಿಲೆ ಎಂದರೆ ನಮ್ಮವರು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೋಗಬೇಕು. ಆ ದಿನ ಜೊತೆಗೆ ಹೋಗಲು ಒಬ್ಬರು ಬೇಕು. ನಿಮ್ಮ ಸ್ತ್ರೀಯರ ಕೂಟದವರಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೋಗಿಬರಲು ಶಕ್ತಿ ಯೋಜನೆ ಇದೆ, ಟಿಕೆಟ್ ಖರ್ಚಿಲ್ಲ. ಹೊನ್ನಾವರ, ಅಂಕೋಲಾ, ಶಿರಸಿಯಲ್ಲಿ ಇಂಥ ಮನೆಗಳಿದ್ದರೆ ಅಲ್ಲಿಗೂ ಹೋಗಲಿ. ಹೋಗಿ ಬಂದ ಮೇಲೆ ಆ ಅಮ್ಮನವರು ಹೇಗಿದ್ದಾರೆ ಎಂದು ನಮಗೆ ಬರೆಯಿರಿ.

— ಸಂ.