ಬೆನ್ನು ಸೊಟ್ಟಗಿರುವ ಬಾಲ್ ಪೈಥಾನ್‌ನಿಂದ ಮರಿ ಮಾಡಿಸಬಹುದೇ?

ಬೇಡ. ನಿಮ್ಮ ಹೆಣ್ಣು ಬಾಲ್ ಪೈಥಾನ್‌ಗೆ (ಆಫ್ರಿಕಾದ ಸಣ್ಣ ಹೆಬ್ಬಾವು) ಮೂರು ವರ್ಷ, ಹುಟ್ಟಿನಿಂದಲೇ ನಡುಬೆನ್ನಿನಲ್ಲಿ ಎರಡು ಕಡೆ ಸೊಟ್ಟ, ಆದರೂ ಇಲಿ ಬಿಡದೆ ತಿನ್ನುತ್ತದೆ, ತೂಕ 1,600 ಗ್ರಾಂ ದಾಟಿದೆ ಎಂದು ಬರೆದಿದ್ದೀರಿ. ಅದು ಮೊಟ್ಟೆಗೆ ಕೊಟ್ಟ ಶಾಖ ಹೆಚ್ಚಾಗಿ ಬಂದ ಸೊಟ್ಟ, ರಕ್ತದಲ್ಲಿ ಬಂದದ್ದಲ್ಲ ಎಂದು ಮಾರಿದವರು ಹೇಳಿದರಂತೆ. ಇರಬಹುದು. ಅಂಥ ಮರಿಗಳನ್ನು ನಾನೇ ಹುಟ್ಟಿಸಿದ್ದೇನೆ.

ನಮ್ಮ ಮನೆ ಕೊಡಗಿನ ಗೋಣಿಕೊಪ್ಪದ ಬಳಿ. ಆ ವರ್ಷ ಜುಲೈ ಮೊದಲ ವಾರದಲ್ಲಿ ಆರು ಮೊಟ್ಟೆ ಸಿಕ್ಕಿದ್ದವು. ಕಕ್ಕಡದ, ಎಂದರೆ ಜುಲೈ–ಆಗಸ್ಟ್‌ನ ಮಳೆಗೆ ತೋಟದ ಮರ ತಂತಿಯ ಮೇಲೆ ಬಿದ್ದು ಎರಡು ದಿನ ವಿದ್ಯುತ್ ಇರಲಿಲ್ಲ. ಇನ್ವರ್ಟರ್ ಕೂಡ ಕೈಕೊಟ್ಟಿತು. ಮೊಟ್ಟೆ ತಣ್ಣಗಾಯಿತೇನೋ ಎಂದು ಹತ್ತು ಸಲ ಕಾವು ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದೆ. ಹಾಗೆ ನೋಡುವಾಗ ಥರ್ಮೋಸ್ಟ್ಯಾಟ್‌ನ (ಶಾಖವನ್ನು ಒಂದೇ ಮಟ್ಟದಲ್ಲಿಡುವ ಯಂತ್ರ) ಶಾಖ ಅಳೆಯುವ ತಂತಿ ಪೆಟ್ಟಿಗೆಯಿಂದ ಹೊರಗೆ ಜಾರಿದ್ದು ಗೊತ್ತಾಗಲಿಲ್ಲ. ರಾತ್ರಿ ವಿದ್ಯುತ್ ಬಂತು. ಹೊರಗಿನ ಚಳಿಯನ್ನೇ ಒಳಗಿನದೆಂದು ನಂಬಿದ ಯಂತ್ರ ಬೆಳಗಿನವರೆಗೂ ಕಾಯಿಸುತ್ತಲೇ ಇತ್ತು. 31–32 ಡಿಗ್ರಿ ಇರಬೇಕಾದಲ್ಲಿ 36! ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದ ವಾರದಲ್ಲಿ ಮೊಟ್ಟೆ ಒಡೆದಾಗ ಮೂರು ಮರಿ ನೆಟ್ಟಗಿದ್ದವು, ಎರಡಕ್ಕೆ ಬೆನ್ನು ಸೊಟ್ಟ, ಒಂದು ಒಳಗೇ ಸತ್ತಿತ್ತು. ಮರುವರ್ಷ ಅದೇ ಜೋಡಿಯ ಮರಿಗಳೆಲ್ಲ ನೆಟ್ಟಗೆ ಬಂದವು.

ಅಷ್ಟಾದರೂ ಆ ಸೊಟ್ಟ ಮರಿಗಳಲ್ಲಿದ್ದ ಗಂಡನ್ನು ನಾನು ಜೋಡಿ ಮಾಡಲಿಲ್ಲ. ಒಡಹುಟ್ಟಿದವನ್ನು ಕೂಡಿಸಿದರೂ ಇಂಥ ಸೊಟ್ಟ ಬರಬಹುದು, ತಂದೆತಾಯಿ ಒಡಹುಟ್ಟಿದವರಲ್ಲ ಎಂಬುದಕ್ಕೆ ನನ್ನ ಬಳಿ ಮಾರಿದವರ ಬಾಯಿಮಾತಷ್ಟೇ ಇತ್ತು. ನಿಮಗೂ ಅಷ್ಟೇ ಇದೆ. ಕ್ಯಾರಮೆಲ್ ಆಲ್ಬಿನೋ ಬಣ್ಣದವುಗಳಲ್ಲಿ ಬೆನ್ನಿನ ಸೊಟ್ಟ ಮತ್ತೆ ಮತ್ತೆ ಕಾಣಿಸುತ್ತದೆ. ಅಲ್ಲಿ ಶಾಖವನ್ನು ದೂರಿ ಪ್ರಯೋಜನವಿಲ್ಲ.

ಚೆನ್ನಾಗಿ ತಿನ್ನುತ್ತದೆ ಎಂದಿರಿ. ಸ್ಪೈಡರ್ ಎಂಬ ಮಾರ್ಫ್ (ಬಣ್ಣ, ಗೆರೆ ಬೇರೆಯಾದ ತಳಿ) ನೋಡಿರುತ್ತೀರಿ, ಜೇಡರ ಬಲೆಯಂಥ ಗೆರೆಗಳು. ‘ಸ್ವಲ್ಪ ತಲೆ ಅಲ್ಲಾಡಿಸುತ್ತದೆ ಅಷ್ಟೆ’ ಎಂದು ಮಾರುತ್ತಾರೆ. ಆ ತಲೆ ತಿರುಚುವುದು, ಇಲಿಗೆ ಎರಗಿ ಗುರಿ ತಪ್ಪುವುದು, ಬೆನ್ನಡಿಯಾಗಿ ಉರುಳುವುದು ಎಲ್ಲ ಆ ಗೆರೆಗಳ ಜೊತೆಗೇ ಬರುತ್ತವೆ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡಲು ಯಾರಿಗೂ ಆಗಿಲ್ಲ. 2022ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಈ ಹಾವುಗಳ ಒಳಗಿವಿಯನ್ನು ಸ್ಕ್ಯಾನ್ ಮಾಡಿ ನೋಡಿದಾಗ, ದೇಹದ ಸಮತೋಲನ ಕಾಯುವ ಭಾಗಗಳೇ ವಿಕಾರವಾಗಿ ಬೆಳೆದಿದ್ದುದು ಕಂಡಿತು. ತಿಂದು ಮೈ ತುಂಬಿಕೊಂಡ ಮಾತ್ರಕ್ಕೆ ಹಾವು ಸುಖವಾಗಿದೆ ಎಂದುಕೊಳ್ಳುವುದನ್ನು ನಾನು ಬಿಟ್ಟದ್ದು ಇದನ್ನು ಓದಿದ ಮೇಲೆ.

ನಿಮ್ಮದು ಹೆಣ್ಣು ಎಂಬುದು ನನ್ನ ಇನ್ನೊಂದು ಭಯ, ನಿಜ ಹೇಳಬೇಕೆಂದರೆ ಮೊದಲನೆಯದೂ ಅದೇ. ಬಾಲ್ ಪೈಥಾನ್ ಮೊಟ್ಟೆ ಮೈಯ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಸೊಟ್ಟ ಇರುವ ಕಡೆ ಒಂದು ಸಿಕ್ಕಿಕೊಂಡರೆ ಹಿಂದಿನವೆಲ್ಲ ಅಲ್ಲೇ. ಆಗ ಹಾವಿಗೆ ಶಸ್ತ್ರಚಿಕಿತ್ಸೆ ಮಾಡಬಲ್ಲ ಪಶುವೈದ್ಯರನ್ನು ಹುಡುಕಿ ಮಳೆಯಲ್ಲಿ ಮೈಸೂರು, ಬೆಂಗಳೂರು ಎಂದು ಓಡಬೇಕು.

ಕಾನೂನಿನ ಮಾತು ಚಿಕ್ಕದಾಗಿ. ‘ತೋಟದಲ್ಲೇ ಇಷ್ಟು ಹಾವಿರುವಾಗ ದುಡ್ಡು ಕೊಟ್ಟು ತರುವುದೇ?’ ಎಂದು ನಮ್ಮವ್ವ ಕೇಳುತ್ತಾರೆ. ಆ ತೋಟದ ಕೇರೆ, ಹೆಬ್ಬಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನ್ ವಿದೇಶದ್ದಾದರೂ 2022ರ ತಿದ್ದುಪಡಿಯ ನಂತರ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಮರಿ ಹುಟ್ಟಿದರೂ ತಿಳಿಸಬೇಕು.

ಹಾವನ್ನು ಕೊಲ್ಲಬೇಕಿಲ್ಲ, ಮರಿಗಾಗಿ ಬಿಡುವವರ ಕೈಗೆ ಕೊಡಲೂಬೇಡಿ. ಒಮ್ಮೆ ಎಕ್ಸ್‌ರೇ ತೆಗೆಸಿ. ಇಲಿ ಸ್ವಲ್ಪ ಚಿಕ್ಕದಿರಲಿ, ಮಲ ಸರಿಯಾಗಿ ಹೋಗುತ್ತಿದೆಯೇ ನೋಡುತ್ತಿರಿ. ನನ್ನ ಗಂಡಿಗೆ ಈಗ ಐದು ವರ್ಷ, ಇಷ್ಟು ನೋಡಿಕೊಂಡೇ ಚೆನ್ನಾಗಿದ್ದಾನೆ.

ಒಂದು ವೇಳೆ ಗಂಡನ್ನು ಆಗಲೇ ಜೊತೆಗೆ ಬಿಟ್ಟಿದ್ದರೆ ಇಂದೇ ಬೇರೆ ಮಾಡಿ. ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳುವ ಜಾತಿ ಇದು, ಹಾಗಾಗಿ ಹೊಟ್ಟೆಯ ಮೇಲೆ ಕಣ್ಣಿಡಿ, ವೈದ್ಯರ ಫೋನ್ ನಂಬರನ್ನು ಈಗಲೇ ಬರೆದಿಟ್ಟುಕೊಳ್ಳಿ. ಮೊಟ್ಟೆ ಬಂದೇಬಿಟ್ಟರೆ ಥರ್ಮೋಸ್ಟ್ಯಾಟ್ ತಂತಿಯನ್ನು ಪೆಟ್ಟಿಗೆಯ ಒಳಗೆ ಟೇಪ್ ಹಾಕಿ ಅಂಟಿಸಿ.