ಅಪ್ಪನಿಗೆ ಬರೆದುಕೊಟ್ಟ ಟ್ರಮಡಾಲ್ ಮಾತ್ರೆ

ಮಂಡಿ ಆಪರೇಷನ್ ಆದ ಅಪ್ಪನಿಗೆ ಟ್ರಮಡಾಲ್ ಅನ್ನೋ ಜೋರಾದ ನೋವಿನ ಮಾತ್ರೆ ಬರೆದಿದ್ದಾರೆ, ಚಟ ಹತ್ತುತ್ತಾ ಅಂತ ಕೇಳಿದ್ದೀರಿ. ಡಾಕ್ಟರ್ ಹೇಳಿದಷ್ಟೇ, ಕೆಲವೇ ದಿನ ತಗೊಂಡರೆ ಆ ಭಯ ಕಡಿಮೆ. ನೋವಿಗೆ ಹೆದರಿ ಮಲಗಿಬಿಟ್ಟರೆ ಕಾಲು ಮಡಚುವ ವ್ಯಾಯಾಮ ನಡೆಯುವುದಿಲ್ಲ, ಮಂಡಿ ಬಿಗಿಯುತ್ತದೆ ಅಲ್ವಾ?

ಮಂಡ್ಯದಲ್ಲೇ ನಮ್ಮ ಅಮ್ಮನಿಗೆ ಸೊಂಟದ ಆಪರೇಷನ್ ಆದಾಗ ಇದೇ ಮಾತ್ರೆ ಕೊಟ್ಟಿದ್ದರು. ನೋವು ಇಳಿಯಿತು. ಆದರೆ ನಾಲ್ಕು ದಿನ ಹೊಟ್ಟೆ ಕಟ್ಟಿಕೊಂಡಿತು, ವಾಕರಿಕೆ ಬೇರೆ. ಮುದ್ದೆ ತಟ್ಟೆ ಪಕ್ಕಕ್ಕೆ ತಳ್ಳಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಮಲಬದ್ಧತೆಗೆ ಔಷಧಿ ಮೊದಲ ದಿನವೇ ಕೇಳಿ ಪಡೆಯಿರಿ.

ನನಗೆ ಜಾಸ್ತಿ ಭಯ ಇರುವುದು ಇದರ ಜೊತೆ ನಿದ್ದೆ ಮಾತ್ರೆ ಅಥವಾ ಕುಡಿತ ಸೇರಿದರೆ. ಉಸಿರಾಟವೇ ನಿಧಾನವಾಗಬಹುದು. ಎಬ್ಬಿಸಿದರೂ ಏಳದಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಅಪ್ಪನಿಗೆ ಫಿಟ್ಸ್ ಇದ್ದರೆ, ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಈಗಲೇ ಹೇಳಿಬಿಡಿ.

2018ರಿಂದ ಟ್ರಮಡಾಲ್ ಮಾದಕ ವಸ್ತು ಕಾಯ್ದೆಯ ಅಡಿ ಬರುತ್ತದೆ. ಹಳೇ ಚೀಟಿ ಹಿಡಿದು ಮತ್ತೆ ಮತ್ತೆ ತರಬೇಡಿ. ವಾರಗಟ್ಟಲೆ ತಗೊಂಡಿದ್ದರೆ ಸುಮ್ನೆ ಒಂದೇ ಸಲ ನಿಲ್ಲಿಸಲೂಬೇಡಿ. ಬೆವರು, ನಡುಕ, ನಿದ್ದೆಗೇಡು ಶುರುವಾಗುತ್ತದೆ. ಡಾಕ್ಟರನ್ನು ಕೇಳಿ ಸ್ವಲ್ಪಸ್ವಲ್ಪವೇ ಇಳಿಸಿ. ಉಳಿದ ಮಾತ್ರೆ ಪಕ್ಕದ ಮನೆಯವರ ಬೆನ್ನುನೋವಿಗೆ ಖಂಡಿತ ಕೊಡಬೇಡಿ.