ಹೆಸರು ಎರಡು, ಗಂಟು ಒಂದೇ

ತಿಪಟೂರಿನ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಅತ್ತಿಗೆಗೆ 48 ವರ್ಷ. ಗರ್ಭಕೋಶದ ಆಪರೇಷನ್‌ಗೆ ಮುಂಚೆ ತೆಗೆಸಿದ ಎದೆ ಎಕ್ಸ್‌-ರೇಯಲ್ಲಿ ಗಂಟು ಕಂಡಿತು. ತುಮಕೂರಿನಲ್ಲಿ ಸೂಜಿ ಹಾಕಿ ನೋಡಿ, ಸ್ಕ್ಲೀರೋಸಿಂಗ್ ಹೆಮಾಂಜಿಯೋಮಾ ಇರಬಹುದು ಎಂದರು. ಬೆಂಗಳೂರಿನಲ್ಲಿ ಗಂಟು ತೆಗೆದ ಮೇಲೆ ಸ್ಕ್ಲೀರೋಸಿಂಗ್ ನ್ಯುಮೋಸೈಟೋಮಾ ಎಂದು ಬರೆದುಕೊಟ್ಟಿದ್ದಾರೆ. ಯಾರದು ಸರಿ? ಕ್ಯಾನ್ಸರ್ ಇದ್ದೂ ನಮ್ಮಿಂದ ಮುಚ್ಚಿಡುತ್ತಿದ್ದಾರಾ? ಅವರ ಮಗಳಿಗೂ ಸ್ಕ್ಯಾನ್ ಮಾಡಿಸಬೇಕಾ?’

ಇಬ್ಬರದೂ ಸರಿ. ಎರಡೂ ಶ್ವಾಸಕೋಶದ ಒಂದೇ ಗಂಟಿನ ಹೆಸರು. ಮೊದಲನೆಯದು ಹಳೆಯದು, ಎರಡನೆಯದು ಈಗಿನದು. ವೈದ್ಯರು ಇದನ್ನು ಕ್ಯಾನ್ಸರ್ ಅಲ್ಲದ ಗಂಟುಗಳ ಸಾಲಿಗೇ ಸೇರಿಸುತ್ತಾರೆ.

ಅಮೆರಿಕದ ಲೀಬೋ ಮತ್ತು ಹಬೆಲ್ 1956ರಲ್ಲಿ ಇದನ್ನು ಮೊದಲು ವಿವರಿಸಿದರು. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಗಂಟಿನ ತುಂಬ ರಕ್ತ ತುಂಬಿದ ಜಾಗಗಳು, ನಡುನಡುವೆ ಗಟ್ಟಿಯಾದ ನಾರು. ಹಾಗಾಗಿ ರಕ್ತನಾಳದ ಗಂಟು, ಅಂದರೆ ಹೆಮಾಂಜಿಯೋಮಾ, ಎಂದುಕೊಂಡರು. ಆಗಿನ ಕಾಲಕ್ಕೆ ಯಾರು ನೋಡಿದರೂ ಹಾಗೇ ಅನ್ನಿಸುತ್ತಿತ್ತು. ಆಮೇಲೆ ಜೀವಕೋಶದ ಮೂಲ ತೋರಿಸುವ ಬಣ್ಣದ ಪರೀಕ್ಷೆಗಳು ಬಂದವು. ನಿಜವಾದ ರಕ್ತನಾಳದ ಒಳಪದರ ಸಿಡಿ31 ಪರೀಕ್ಷೆಗೆ ಕಂದು ಬಣ್ಣ ಹಿಡಿಯುತ್ತದೆ. ಈ ಗಂಟಿನ ರಕ್ತದ ಜಾಗಗಳನ್ನು ಸುತ್ತುವರಿದ ಜೀವಕೋಶಗಳು ಹಿಡಿಯಲಿಲ್ಲ. ಬದಲಿಗೆ ಶ್ವಾಸಕೋಶದ ಜೀವಕೋಶ ಗುರುತಿಸುವ ಟಿಟಿಎಫ್‌-1 ಪರೀಕ್ಷೆಯಲ್ಲಿ, ಮೇಲ್ಪದರದ ಜೀವಕೋಶಗಳೂ ಒಳಗಿನ ದುಂಡನೆಯವೂ ಬಣ್ಣ ತಾಳಿದವು. ಅಂದರೆ ಇದು ಶ್ವಾಸಕೋಶದ ಗಾಳಿಚೀಲಗಳ ಕಡೆಯಿಂದಲೇ ಹುಟ್ಟಿದ್ದು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪಟ್ಟಿಯಲ್ಲಿ ಹೆಸರನ್ನೇ ಬದಲಾಯಿಸಿತು. ಹಳೆಯ ಹೆಸರು ರೂಢಿಯಿಂದ ಪೂರ್ತಿ ಹೋಗಿಲ್ಲ, ಅಷ್ಟೇ.

ಸೂಜಿಯಲ್ಲಿ ಬರುವುದು ಚೂರೇ ಚೂರು. ಈ ಗಂಟು ಒಂದು ಕಡೆ ರಕ್ತ, ಇನ್ನೊಂದು ಕಡೆ ನಾರು, ಮತ್ತೊಂದು ಕಡೆ ಬರೀ ಜೀವಕೋಶಗಳ ಗುಂಪು. ಚೂರು ಎಲ್ಲಿಂದ ಬಂತೋ ಅದರ ಮೇಲೆ ರಿಪೋರ್ಟ್. ಕೆಲವೊಮ್ಮೆ ಇದು ಶ್ವಾಸಕೋಶದ ಕ್ಯಾನ್ಸರ್‌ನಂತೆಯೂ ಕಾಣುತ್ತದೆ. ಆದ್ದರಿಂದಲೇ ತುಮಕೂರಿನ ವೈದ್ಯರು ‘ಇರಬಹುದು’ ಎಂದಿದ್ದು. ಆ ಎಚ್ಚರಿಕೆ ನನಗೆ ಮೆಚ್ಚುಗೆಯಾಯಿತು.

ಒಂದು ವಿಷಯ ಮಾತ್ರ ಗಮನಿಸಿ. ಎಪಿಥೀಲಿಯಾಯ್ಡ್ ಹೆಮಾಂಜಿಯೋಎಂಡೋಥೀಲಿಯೋಮಾ ಎಂಬ ಇನ್ನೊಂದು ಗಂಟಿದೆ. ಹೆಸರು ಕೇಳಿದರೆ ಹತ್ತಿರದ್ದು ಅನ್ನಿಸುತ್ತದೆ, ಆದರೆ ಅದು ಕ್ಯಾನ್ಸರ್. ಇಂಟರ್ನೆಟ್‌ನಲ್ಲಿ ಹುಡುಕುವಾಗ ಎರಡನ್ನೂ ಒಂದೇ ಅಂದುಕೊಂಡು ಸುಮ್ನೆ ಹೆದರಬೇಡಿ.

ಅನುಮಾನ ಉಳಿದಿದ್ದರೆ ಮತ್ತೆ ಸ್ಕ್ಯಾನ್‌ಗೆ ದುಡ್ಡು ಸುರಿಯುವ ಬದಲು, ಆಪರೇಷನ್ ಆದ ಆಸ್ಪತ್ರೆಯಲ್ಲಿ ಸ್ಲೈಡ್‌ಗಳನ್ನೂ ಮೇಣದ ಬ್ಲಾಕ್‌ಗಳನ್ನೂ ಕೇಳಿ. ಬ್ಲಾಕ್ ಅಂದರೆ ಗಂಟಿನ ತುಂಡನ್ನು ಮೇಣದಲ್ಲಿ ಕೂರಿಸಿ ಕಾಪಾಡಿದ್ದು. ಅದಿದ್ದರೆ ಕಿದ್ವಾಯಿಯಂಥ ಕಡೆ ಇನ್ನೊಬ್ಬ ಪೆಥಾಲಜಿಸ್ಟ್ ಹೊಸದಾಗಿ ಪರೀಕ್ಷೆ ಮಾಡಬಹುದು. ಬರೀ ರಿಪೋರ್ಟ್ ಹಿಡಿದು ಹೋದರೆ ಅವರೇನು ನೋಡಬೇಕು ಹೇಳಿ?

ಗಂಟು ಪೂರ್ತಿ ಬಂದಿದೆ ಎಂದು ರಿಪೋರ್ಟ್‌ನಲ್ಲಿದ್ದರೆ ಸಾಮಾನ್ಯವಾಗಿ ಅಲ್ಲಿಗೆ ಚಿಕಿತ್ಸೆ ಮುಗಿಯಿತು. ತೀರಾ ಅಪರೂಪಕ್ಕೆ ಹತ್ತಿರದ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹರಡಿದ್ದುಂಟು, ಹಾಗಾಗಿ ವೈದ್ಯರು ಕರೆದಾಗ ತಪಾಸಣೆಗೆ ಹೋಗಲಿ. ಮಧ್ಯವಯಸ್ಸಿನ ಹೆಂಗಸರಲ್ಲೇ ಇದು ಜಾಸ್ತಿ. ಆದರೆ ಸಾಮಾನ್ಯವಾಗಿ ವಂಶದಲ್ಲಿ ಬರುವಂಥದ್ದಲ್ಲ. ಮಗಳಿಗೆ ಏನೂ ತೊಂದರೆ ಇಲ್ಲದಿದ್ದರೆ ಸ್ಕ್ಯಾನ್ ಬೇಡ.

– ಸಂಪಾದಕ